ಮಾಗಳದ ಕಲ್ಲು

ಆ ಕಲ್ಲನ್ನು ನಾನು ಮಾಗಳದಿಂದ ತಂದಿದ್ದೆ. ನಮ್ಮೂರಿನ ಹೊಳೆದಂಡೆಯಲ್ಲಿ ಅಂಥವು ಹೆಜ್ಜೆಗೊಂದು ಸಿಗುತ್ತವೆ. ಕೋಳಿಮೊಟ್ಟೆಗಿಂತ ತುಸು ದೊಡ್ಡದು, ನುಣುಪು, ಹಸಿರು ಬೆರೆತ ಬೂದುಬಣ್ಣ, ನಡುವೆ ಒಂದು ಬಿಳಿ ಗೆರೆ. ಗುಡೇಕೋಟೆಯಿಂದಾಚೆ ನಾನು ಕೆಲಸಕ್ಕೆ ಸೇರಿದ ಊರಿನಲ್ಲಿ ಅಂಥದು ಒಂದೂ ಇರಲಿಲ್ಲ. ಅಲ್ಲಿನ ಕಲ್ಲೆಲ್ಲ ಕೆಂಪು, ಚೂಪು, ಕೈಗೆತ್ತಿಕೊಂಡರೆ ಯಾರಿಗಾದರೂ ಎಸೆಯಬೇಕು ಅನ್ನಿಸುವಂಥವು. ಮಕ್ಕಳು ಅದನ್ನೇ ಮಾಡುತ್ತಿದ್ದರು.

೨೦೦೧ರ ಜೂನ್. ಕೊಟ್ಟೂರಿನಲ್ಲಿ ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಆ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ಕೂಡ್ಲಿಗಿಯಲ್ಲಿ ಒಂದು ಬಾಡಿಗೆ ಕೋಣೆ, ಬೆಳಿಗ್ಗೆ ಏಳೂವರೆಯ ಬಸ್ಸು, ಸಂಜೆ ನಾಲ್ಕೂವರೆಯ ಬಸ್ಸು. ಒಂದು, ಎರಡನೆಯ ತರಗತಿಗಳು ಹೆಡ್‌ಮಾಸ್ತರು ವೀರಭದ್ರಯ್ಯನವರಿಗೆ. ಮೂರು, ನಾಲ್ಕು ಸೇರಿಸಿ ಹತ್ತೊಂಬತ್ತು ಮಕ್ಕಳು ನನಗೆ.

ನಾನು ಮಾತಿನವಳಲ್ಲ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯಬಲ್ಲೆ, ದಿನಚರಿ ಬರೆಯಬಲ್ಲೆ. ಎದುರಿಗೆ ನಾಲ್ಕು ಜನ ನಿಂತರೆ ನಾಲಿಗೆ ಒಣಗುತ್ತದೆ. ಮೊದಲ ವಾರ ಹಾಜರಿ ಕೂಗುವಾಗಲೇ ಹಿಂದಿನ ಸಾಲಿನಿಂದ, "ಕೇಳವಲ್ದ್ರಿ ಟೀಚರ್, ಇರುವಿ ಮಾತಾಡಿದಂಗ ಆತು" ಎಂದು ಒಂದು ದನಿ ಬಂತು. ಅವನು ಪಾಲಾಕ್ಷ. ಅದೇ ವಾರ ಇಬ್ಬರ ತಲೆ ಒಡೆದಿದ್ದ. ಮುಂದಿನ ಸಾಲಿನಲ್ಲಿ ಶಿವಲೀಲಾ, ಗಳಿಗೆಗೊಂದು ದೂರು ಹೇಳುವವಳು. ಬಾಗಿಲ ಪಕ್ಕದಲ್ಲಿ ಹೊನ್ನೂರಮ್ಮ. ನಾಲ್ಕನೆಯ ತರಗತಿ, ಹತ್ತು ವರ್ಷ. ಅವಳ ದನಿ ಹೇಗಿದೆಯೆಂದು ಆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜುಲೈಯಲ್ಲಿ ಕೂಡ್ಲಿಗಿಯಲ್ಲಿ ಮೂರು ದಿನದ ತರಬೇತಿ ನಡೆಯಿತು. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಪಾಠ ಶುರುಮಾಡಬೇಡಿ, ಮಕ್ಕಳನ್ನು ಸುತ್ತ ಕೂರಿಸಿ, ಒಬ್ಬೊಬ್ಬರೂ ಒಂದೊಂದು ಮಾತು ಹೇಳಲಿ, ಉಳಿದವರು ಕೇಳಲಿ ಎಂದರು. ಕೈಯಲ್ಲೊಂದು ವಸ್ತುವಿರಲಿ, ಅದು ಯಾರ ಕೈಯಲ್ಲಿದೆಯೋ ಮಾತು ಅವರದು ಎಂದರು. ನನಗೆ ಅದು ಬಹಳ ಹಿಡಿಸಿತು. ದನಿ ಏರಿಸದೆ ತರಗತಿ ನಡೆಸುವ ಒಂದು ಉಪಾಯ ಕಡೆಗೂ ಸಿಕ್ಕಿತು ಅನ್ನಿಸಿತು. ಆ ಭಾನುವಾರ ಊರಿಗೆ ಹೋದಾಗ ಹೊಳೆಯಿಂದ ಕಲ್ಲನ್ನು ಆರಿಸಿ ತಂದೆ.

ಮೊದಲ ದಿನ ಹೀಗಿತ್ತು:

"ನಮ್ಮ ಎಮ್ಮಿ ಈದೈತ್ರಿ."

"ನಮ್ದೂ ಈದೈತ್ರಿ."

"ನಿಮ್ಮನ್ಯಾಗ ಎಮ್ಮೀನ ಇಲ್ಲಲ್ಲಲೇ."

"ಮಾಮನ ಮನ್ಯಾಗ ಐತಿ. ನಿನಗ್ಯಾಕ ಬೇಕು? ಕಲ್ಲು ನನ್ ಕೈಯಾಗ ಐತಿ."

ಕಲ್ಲು ಸುತ್ತಿ ನನ್ನ ಹತ್ತಿರ ಬಂತು. "ನಿಮ್ಮ ಪಾಳಿ ಟೀಚರ್" ಎಂದಳು ಶಿವಲೀಲಾ. ಹತ್ತೊಂಬತ್ತು ಮುಖ ನನ್ನತ್ತ ತಿರುಗಿದವು. "ನಾನು ಕೇಳೋಳು, ನೀವು ಹೇಳೋರು" ಎಂದು ಕಲ್ಲನ್ನು ಪಕ್ಕದವನಿಗೆ ದಾಟಿಸಿಬಿಟ್ಟೆ. ಅವತ್ತಿನಿಂದ ಅದೇ ರೂಢಿಯಾಯಿತು. "ನಿಮ್ಮ ಪಾಳಿ" ಅನ್ನುವುದನ್ನೂ ಅವರು ಬಿಟ್ಟರು.

ಒಂದು ತಿಂಗಳಲ್ಲಿ ಮಕ್ಕಳು ಬದಲಾದರು. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ, ನಿಜವಾಗಿ ಬದಲಾದರು. ಪಾಳಿ ಕಾಯುವುದನ್ನು ಕಲಿತರು. ನೀರಿನ ಗಡಿಗೆಯ ಮುಂದೆ ಗುದ್ದಾಟ ನಿಂತಿತು. ಒಂದು ದಿನ ಪಾಲಾಕ್ಷ ಕಲ್ಲನ್ನು ಅಂಗೈಯಲ್ಲಿ ತಿರುಗಿಸುತ್ತ, "ನಿನ್ನಿ ನಮ್ಮಪ್ಪ ಕುಡದು ಬಂದು ಅವ್ವಗ ಹೊಡದ. ನಾ ಕಟ್ಟಿಗಿ ತಗೊಂಡು ಅವಗ ಹೊಡದ್ನಿ" ಎಂದ. ಯಾರೂ ನಗಲಿಲ್ಲ. ಬಿಡುವಿನಲ್ಲಿ ಅವನಿಂದ ತಲೆ ಒಡೆಸಿಕೊಂಡಿದ್ದ ಹುಡುಗನೇ ಚಡ್ಡಿ ಕಿಸೆಯಿಂದ ಹುಣಸೆಹಣ್ಣು ತೆಗೆದು ಅವನಿಗೆ ಅರ್ಧ ಕೊಟ್ಟ. ಆಮೇಲೆ ಪಾಲಾಕ್ಷ ಯಾರಿಗೂ ಕಲ್ಲೆಸೆದದ್ದು ನಾನು ನೋಡಲಿಲ್ಲ.

ಹೊನ್ನೂರಮ್ಮ ಹನ್ನೊಂದು ದಿನ ಕಲ್ಲನ್ನು ಸುಮ್ಮನೆ ದಾಟಿಸಿದಳು. ಹನ್ನೆರಡನೆಯ ದಿನ ಅದನ್ನು ಕೆನ್ನೆಗೆ ಒತ್ತಿಕೊಂಡು, "ನಮ್ಮ ಮರಿ ನನ್ನ ಕೌದ್ಯಾಗ ಮಲಗತೈತಿ" ಎಂದಳು. ಕುರಿಮರಿಯ ಮಾತು. ದನಿ ಸ್ವಲ್ಪ ಒಡಕಾಗಿತ್ತು, ಬಹಳ ದಿನ ಬಳಸದ ಕೊಳಗದ ಹಾಗೆ. ಆಮೇಲೆ ದಿನಕ್ಕೊಂದು ವಾಕ್ಯ ಹೇಳತೊಡಗಿದಳು. ಆ ವಾಕ್ಯಗಳನ್ನೆಲ್ಲ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಇಪ್ಪತ್ತಮೂರು ಇವೆ.

ಪಾಲಾಕ್ಷನ ಮಾತು ಅಲ್ಲಿಗೇ ನಿಲ್ಲಲಿಲ್ಲ. ಶಿವಲೀಲಾ ಮನೆಯಲ್ಲಿ ಹೇಳಿದಳು, ಅವಳ ತಾಯಿ ನಲ್ಲಿಯ ಹತ್ತಿರ ಹೇಳಿದಳು. ಮರುದಿನ ಪಾಲಾಕ್ಷನ ತಾಯಿ ನಾಗಕ್ಕ ಶಾಲೆಯ ಅಂಗಳಕ್ಕೆ ಬಂದು ನಿಂತಳು.

"ನಮ್ಮ ಮನಿ ಬಾಗಿಲಾ ತಗಿಯಾಕ ಸಾಲಿ ಇಟ್ಟೀರೇನ್ರಿ? ಕಟ್ಟಿ ಮ್ಯಾಲ ಕುಂತು ಆಡಿಕೊಳ್ಳೋ ಹೆಂಗಸ್ರು ಕಡಿಮಿ ಬಿದ್ರು ಅಂತ ಕೂಡ್ಲಿಗಿಂದ ಬಸ್ ಹತ್ತಿ ಬಂದ್ರ್ಯಾ?"

ವೀರಭದ್ರಯ್ಯನವರೇ ಅವಳನ್ನು ಸಮಾಧಾನ ಮಾಡಿ ಕಳಿಸಿದರು. "ಬಿಡು ತಂಗಿ, ತರಬೇತ್ಯಾಗ ನೂರು ಹೇಳತಾರ. ನೀನು ಮಗ್ಗಿ ಕಲಸು, ಸಾಕು" ಎಂದರು.

ನನಗೆ ಬಿಡಲು ಮನಸ್ಸಾಗಲಿಲ್ಲ. ಮರುದಿನ ಒಂದು ಖಾಲಿ ಡಾಲ್ಡಾ ಡಬ್ಬಿ ತಂದೆ. ಇನ್ನು ಮೇಲೆ ಪಾಳಿ ಮುಗಿದ ಕೂಡಲೇ ಕಲ್ಲು ಡಬ್ಬಿಗೆ ಹೋಗಬೇಕು, ಮುಚ್ಚಳ ಬೀಳಬೇಕು, ಒಳಗೆ ಆಡಿದ ಮಾತು ಡಬ್ಬಿಯಿಂದ ಹೊರಗೆ ಬರಬಾರದು ಎಂದೆ. ಡಬ್ಬಿಯ ಜವಾಬ್ದಾರಿಯನ್ನು ಶಿವಲೀಲಾಗೇ ಕೊಟ್ಟೆ. ಮಾತು ಸೋರಿದ್ದು ಅವಳಿಂದ, ಕಾಯುವುದನ್ನೂ ಅವಳೇ ಕಲಿಯಲಿ ಎಂದು. ಅವಳು ನನಗಿಂತ ಒಂದು ಹೆಜ್ಜೆ ಮುಂದೆ ಹೋದಳು. "ಹೇಳಿದೋರ ಬಿಚ್ಚಬೇಕು. ಬ್ಯಾರೇದೋರು ಬಿಚ್ಚಂಗಿಲ್ಲ" ಎಂದು ತಾನೇ ನಿಯಮ ಸೇರಿಸಿದಳು. ದಿನಾ ಮುಚ್ಚಳ ಒತ್ತುವಾಗ ಹತ್ತೊಂಬತ್ತೂ ಮಕ್ಕಳು ಒಟ್ಟಿಗೆ "ಮುಚ್ಚೈತಿ" ಅನ್ನುತ್ತಿದ್ದರು. ಒಂದು ಮಾತೂ ಮತ್ತೆ ಹೊರಗೆ ಹೋಗಲಿಲ್ಲ. ನಾಗಕ್ಕ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸದೆ ಹೋಗುವಷ್ಟಾಯಿತು.

ಗಣೇಶನ ಹಬ್ಬ ಮುಗಿದ ಮೇಲೆ ನನ್ನನ್ನು ಎಂಟು ದಿನದ ಇನ್ನೊಂದು ತರಬೇತಿಗೆ ಹಾಕಿದರು. ವಾಪಸು ಬಂದ ದಿನ ಮಕ್ಕಳು ಆಗಲೇ ಸುತ್ತ ಕೂತಿದ್ದರು. ಹದಿನೆಂಟು ಜನ.

"ಹೊನ್ನೂರಮ್ಮ ಎಲ್ಲಿ?"

ಮಕ್ಕಳು ಶಿವಲೀಲಾಳ ಕಡೆ ತಿರುಗಿದರು.

"ಶಿವಲೀಲಾ, ಎಲ್ಲಿ ಆಕಿ?"

"ಗೊತ್ತೈತ್ರಿ ಟೀಚರ್. ಆದ್ರ ಹೇಳಂಗಿಲ್ರಿ."

"ಯಾಕ?"

"ಡಬ್ಬ್ಯಾಗ ಐತ್ರಿ. ನೀವಿಲ್ದಾಗ ದಿನಾ ನಾವ ಪಾಳಿ ಮಾಡೀವ್ರಿ. ಆಕಿ ಹೇಳಿದ್ಲು, ನಾವು ಮುಚ್ಚೀವಿ. ಆಕಿ ಬಂದು ಬಿಚ್ಚತಾಳ್ರಿ."

ಪಾಲಾಕ್ಷ ಬಾಯಿ ತೆರೆದ. ಶಿವಲೀಲಾ ಅವನತ್ತ ನೋಡಿದಳು. ಅವನು ಮುಚ್ಚಿಕೊಂಡ.

ಆ ಗಳಿಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಆಗ ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಂತೋಷ. ಎಂಟು ದಿನ ಟೀಚರಿಲ್ಲದೆ ಈ ಮಕ್ಕಳು ತಾವೇ ಸುತ್ತ ಕೂತಿದ್ದಾರೆ, ಹೊಡೆದಾಡಿಲ್ಲ, ಒಬ್ಬಳ ಗುಟ್ಟನ್ನು ಹದಿನೆಂಟು ಜನ ಕಾಯ್ದುಕೊಂಡಿದ್ದಾರೆ. ಎಂಥದೋ ಹುಡುಗಿಯರ ಸಣ್ಣ ಗುಟ್ಟು, ಬೆಂಡೋಲೆಯದೋ ಕುರಿಮರಿಯದೋ ಎಂದುಕೊಂಡೆ. "ಶಾಭಾಸ್" ಎಂದೆ. ಎಲ್ಲರಿಗೂ ಚಪ್ಪಾಳೆ ಹೊಡೆಸಿದೆ. ಪಾಲಾಕ್ಷ ಚಪ್ಪಾಳೆ ಹೊಡೆಯಲಿಲ್ಲ. ಅದನ್ನೂ ನೋಡಿದೆ.

ನಾನು ಹಾಜರಿ ಕೂಗಿದರೂ ಪುಸ್ತಕವನ್ನು ಹೆಡ್‌ಮಾಸ್ತರೇ ಬರೆಯುತ್ತಿದ್ದರು. ನೂರಕ್ಕೆ ಎಂಬತ್ತು ದಿನ ಬಂದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಸಿಗುತ್ತಿತ್ತು. ವೀರಭದ್ರಯ್ಯನವರು ಯಾರ ಅಕ್ಕಿಯನ್ನೂ ತಪ್ಪಿಸಿದವರಲ್ಲ. ಸೋಮವಾರ ಕೂತು ಇಡೀ ವಾರದ ಹಾಜರಿ ಹಾಕಿಬಿಡುತ್ತಿದ್ದರು. ಹೊನ್ನೂರಮ್ಮನ ಹೆಸರಿನ ಮುಂದೆಯೂ ಹಾಕುತ್ತಿದ್ದರು.

"ಹೊಸಹಳ್ಳಿಗೆ ಅಜ್ಜಿ ಮನಿಗೆ ಹೋಗ್ಯಾಳಂತ. ಬರತಾಳ ಬಿಡು" ಎಂದರು.

ಒಂದು ಸಂಜೆ ಬಸ್ಸಿಗೆ ಮೊದಲು ಅವಳ ಮನೆಗೆ ಹೋದೆ. ತಾಯಿ ತಿಪ್ಪೇರುದ್ರಮ್ಮ ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದಳು. "ಅಜ್ಜಿಗೆ ಆರಾಮಿಲ್ರಿ" ಎಂದಳು, ತಲೆಯೆತ್ತದೆ. ಗೂಟಕ್ಕೆ ಕಟ್ಟಿದ ಕುರಿಮರಿ ನನ್ನನ್ನು ನೋಡಿ ಅರಚಿತು. ಮರಿಯನ್ನು ಬಿಟ್ಟು ಹೊನ್ನೂರಮ್ಮ ಒಂದು ರಾತ್ರಿಯೂ ಎಲ್ಲಿಗೂ ಹೋಗುವವಳಲ್ಲ. ಅದು ನನ್ನ ಬಾಯ ತುದಿಗೆ ಬಂದಿತ್ತು. ಎರಡನೆಯ ಪ್ರಶ್ನೆ ಕೇಳುವುದು ನನಗೆ ಯಾವತ್ತೂ ಕಷ್ಟ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ನಾನು ತರಬೇತಿಯಿಂದ ವಾಪಸು ಬಂದ ಹದಿನಾರನೆಯ ದಿನ, ಮಂಗಳವಾರ, ಬಸ್ಸಿಳಿದಾಗ ಶಾಲೆಯ ಬೀಗ ತೆಗೆದಿರಲಿಲ್ಲ. ಊರೆಲ್ಲ ಹೊನ್ನೂರಮ್ಮನ ಕೇರಿಯಲ್ಲಿತ್ತು. ಹಿಂದಿನ ದಿನ ಮಧ್ಯಾಹ್ನ ಹೊರಗೆ ಕೂಲಿಗೆ ಆಳು ಒಯ್ಯುವ ಮೇಸ್ತ್ರಿ ಉಚ್ಚಂಗೆಪ್ಪನ ಜೀಪು ಅವಳನ್ನು ತಂದು ಮನೆ ಮುಂದೆ ಇಳಿಸಿ ಹೋಗಿತ್ತು, ಕೌದಿಯಲ್ಲಿ ಸುತ್ತಿ. ವಾಂತಿಭೇದಿ ಎಂದು ಹೇಳಿದನಂತೆ. ನಾನು ಹೋಗುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು.

ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಪಾಲಾಕ್ಷ ಕೂತಿದ್ದ. ನನ್ನನ್ನು ನೋಡಿ ಅತ್ತ. ಅಳುತ್ತಲೇ ಹೇಳಿದ. ಹೊನ್ನೂರಮ್ಮ ಅಜ್ಜಿಯ ಮನೆಗೆ ಹೋಗಿರಲಿಲ್ಲ. ಆಂಧ್ರದ ಹತ್ತಿ ಹೊಲಕ್ಕೆ ಹೋಗಿದ್ದಳು, ಕ್ರಾಸಿಂಗ್ ಕೆಲಸಕ್ಕೆ. ಬೀಜದ ಹತ್ತಿಯಲ್ಲಿ ಒಂದು ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಒರೆಸಬೇಕು. ಗಿಡ ಮುರಿಯದಂತೆ ಸಾಲಿನಲ್ಲಿ ನುಸುಳಲು ಮಕ್ಕಳ ಎತ್ತರವೇ ಬೇಕು, ಹೂವಿನ ಎಸಳು ಬಿಡಿಸಲು ಮಕ್ಕಳ ಬೆರಳೇ ಬೇಕು. ಹೋದ ವರ್ಷವೂ ಅವಳನ್ನು ಒಯ್ದಿದ್ದರು.

"ಹುಳದ ಎಣ್ಣಿ ಹೊಡದ ಮ್ಯಾಲ ಅದ ಹೊಲದಾಗ ಇಳಸತಾರಂತ್ರಿ. ಹ್ವಾದ ವರ್ಷ ಆಕಿ ಕಣ್ಣು ಕತ್ತಲಿ ಬಂದು ಬಿದ್ದಿದ್ಲಂತ. ಈ ಸಲ ನಾ ಹೋಗಲ್ಲ, ಟೀಚರ್ ಬಂದ್ ಕೂಡ್ಲೇ ಹೇಳತೀನಿ, ಅವ್ರು ಅವ್ವಗ ಹೇಳಿ ಬಿಡಸತಾರ ಅಂದ್ಲ್ರಿ. ಕಲ್ಲು ಹಿಡಕೊಂಡ ಅಂದ್ಲು. ಮರುದಿನ ನಸಿಕಿನ್ಯಾಗ ಜೀಪು ಬಂತು."

"ನಾನು ಕೇಳಿದಾಗ..."

"ಶಿವಲೀಲಾ ಹೇಳಬ್ಯಾಡ ಅಂದ್ಲು. ನೀವೂ ಶಾಭಾಸ್ ಅಂದ್ರಿ."

ಹಿಂದಿನಿಂದ ಶಿವಲೀಲಾ ಬಂದಿದ್ದಳು. ಅವಳು ಪಾಲಾಕ್ಷನ ಕೆನ್ನೆಗೆ ಹೊಡೆದಳು. ತಲೆಗಳನ್ನು ಒಡೆಯುತ್ತಿದ್ದ ಹುಡುಗ ಕೈ ಎತ್ತಲಿಲ್ಲ.

"ನೀನು ಹೆಂಗ ಬಿಚ್ಚಿದಿ? ಆಕಿ ಬಿಚ್ಚಬೇಕಿತ್ತು" ಎಂದಳು. ಮತ್ತೆ ಹೊಡೆದಳು. "ಆಕಿ ಬರಬೇಕಿತ್ತು."

ಸುತ್ತ ಕೂರುವುದನ್ನು ಆಮೇಲೂ ನಾನಾಗಿ ನಿಲ್ಲಿಸಲಿಲ್ಲ. ಮಕ್ಕಳು ಬಂದು ಕೂರುತ್ತಿದ್ದರು. ಕಲ್ಲು ಕೈಯಿಂದ ಕೈಗೆ ಹೋಗಿ ಡಬ್ಬಿಗೆ ಬೀಳುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. "ಮುಚ್ಚೈತಿ" ಎಂಬುದೊಂದೇ ಮಾತು.

ತಿಂಗಳ ಕೊನೆಗೆ ತಿಪ್ಪೇರುದ್ರಮ್ಮ ಶಾಲೆಗೆ ಬಂದಳು. ಹೆಡ್‌ಮಾಸ್ತರು ಅಕ್ಕಿ ಅಳೆದು ಅವಳ ಸೆರಗಿಗೆ ಹಾಕಿದರು. ಹಾಜರಿ ಪೂರ್ತಿ ಇತ್ತು, ಸತ್ತ ದಿನದ್ದೂ ಸೇರಿ. ಅವಳು ಸೆರಗಿನ ಗಂಟು ಬಿಗಿಯುತ್ತ ಕೇಳಿದಳು: "ಮಗಳು ಸಾಲಿಗೆ ಬಂದಿದ್ದಿಲ್ಲ ಅಂತ ಯಾರರ ಬರದ್ರ ಇದನ್ನ ವಾಪಸ್ ಕೊಡಬೇಕೇನ್ರಿ ಸಾರ್?"

"ಯಾರು ಬರೀತಾರ, ಹೋಗವ್ವ" ಎಂದರು ವೀರಭದ್ರಯ್ಯನವರು. ಅವಳು ಹೋದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

ಹುಡುಗಿಯ ಸಾವಿನ ಬಗ್ಗೆ ಯಾರೋ ಅರ್ಜಿ ಹಾಕಿದ್ದರು. ಎರಡು ದಿನ ಬಿಟ್ಟು ತಾಲೂಕಿನಿಂದ ಒಬ್ಬ ಸಾಹೇಬರು ಬಂದರು. ಉಚ್ಚಂಗೆಪ್ಪನೂ ಜೊತೆಗಿದ್ದ, ಬಿಳಿ ಅಂಗಿ, ಕೈಯಲ್ಲಿ ಎಳನೀರು. "ಹುಡುಗಿ ನಮ್ಮ ಜೀಪು ಹತ್ತೇ ಇಲ್ರಿ ಸಾಹೇಬ್ರ. ಹಾದ್ಯಾಗ ಬಿದ್ದಿದ್ಲು, ಪಾಪ ಅಂತ ತಂದು ಬಿಟ್ಟೀನಿ" ಎಂದ. ಸಾಹೇಬರು ಹಾಜರಿ ಪುಸ್ತಕ ನೋಡಿದರು. ನಂತರ ತರಗತಿಗೆ ಬಂದರು.

"ಮಕ್ಕಳಾ, ಹೊನ್ನೂರಮ್ಮ ಶಾಲೆಗೆ ಬರ್ತಿದ್ಲಾ?"

ಹದಿನೆಂಟು ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಒಬ್ಬರೂ ಅಲುಗಲಿಲ್ಲ. ಎಲ್ಲರ ಕಣ್ಣು ಕಿಟಕಿಯ ಮೇಲಿದ್ದ ಡಬ್ಬಿಯ ಕಡೆಗೆ ಹೋಯಿತು, ಅಲ್ಲಿಂದ ನನ್ನ ಕಡೆಗೆ ಬಂತು. ನಾನು ಎದ್ದು ಮುಚ್ಚಳ ತೆಗೆದಿದ್ದರೆ ಸಾಕಿತ್ತು. ಬಾಗಿಲಲ್ಲಿ ವೀರಭದ್ರಯ್ಯನವರು ನಿಂತಿದ್ದರು. ಬೆಳಿಗ್ಗೆ ಅವರು ಹೇಳಿದ್ದರು: "ನನಗಿನ್ನ ಎರಡ ವರ್ಷ ಸರ್ವೀಸ್ ಐತಿ ತಂಗಿ. ಅಕ್ಕಿ ಸಿಗಲಿ ಅಂತ ಹಾಕಿದ ಹಾಜರಿ ಅದು, ನಿನಗೂ ಗೊತ್ತೈತಿ." ಗೊತ್ತಿತ್ತು. ನಾನು ಕರಿಹಲಗೆಯ ಮೇಲಿನ ದಿನಾಂಕ ನೋಡುತ್ತ ನಿಂತೆ.

"ಒಳ್ಳೇ ಶಿಸ್ತು ಕಲಿಸಿದೀರಿ ಮೇಡಂ" ಎಂದರು ಸಾಹೇಬರು. ಹೊರಟುಹೋದರು.

ಮರುದಿನ ನಾನು ಬಸ್ಸಿಳಿದಾಗ ಶಾಲೆಯ ಅಂಗಳದಲ್ಲಿ ಜೀಪು ನಿಂತಿತ್ತು. ಮುಂದಿನ ಗಾಜು ಜೇಡರ ಬಲೆಯ ಹಾಗೆ ಒಡೆದಿತ್ತು. ಹಿಂದೆ ನಾಲ್ಕು ಹುಡುಗಿಯರು ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಹತ್ತಿಯ ಹಂಗಾಮಿಗೆ ಹೊರಟವರು. ಉಚ್ಚಂಗೆಪ್ಪ ಶಿವಲೀಲಾಳ ರಟ್ಟೆ ಹಿಡಿದಿದ್ದ. ಅವಳ ತುಟಿ ಒಡೆದು ರಕ್ತ ಬಂದಿತ್ತು. ಸುತ್ತ ಊರಿನ ಜನ ಸೇರಿದ್ದರು. ತಿಪ್ಪೇರುದ್ರಮ್ಮನೂ ಇದ್ದಳು, ನಾಗಕ್ಕನೂ ಇದ್ದಳು. ನನ್ನ ಮಕ್ಕಳು ಹಿರಿಯರ ಕಾಲುಗಳ ನಡುವೆ ನಿಂತಿದ್ದರು.

"ಬರ್ರಿ ಮೇಡಂ, ಬರ್ರಿ" ಎಂದ ಉಚ್ಚಂಗೆಪ್ಪ. "ನಿಮ್ಮ ಶಾಣ್ಯಾ ಹುಡುಗಿ ಏನ್ ಮಾಡ್ಯಾಳ ನೋಡ್ರಿ. ಜೀಪು ಹೊಂಟಿತ್ತು, ಎದುರಿಗೆ ನಿಂತು ಬೀಸಿ ಒಗದಾಳ. ಅಂಗೈಯಷ್ಟು ಇಲ್ಲ, ಕೈ ನೋಡ್ರಿ ಎಂಥಾದ್ದು. ಯಾರು ಕಲಿಸಿದ್ರು ಅಂದ್ರ ಬಾಯಿ ಬಿಡವಲ್ಲಳು."

ಅವನು ಕಿಸೆಯಿಂದ ಅದನ್ನು ತೆಗೆದ. ಹಸಿರು ಬೆರೆತ ಬೂದು, ನಡುವೆ ಬಿಳಿ ಗೆರೆ.

"ಇದು ನಮ್ಮ ಸೀಮಿ ಕಲ್ಲಲ್ಲ. ಹೊಳಿ ಕಲ್ಲು. ಈ ಊರಾಗ ಹೊಳಿ ಕಡಿಂದ ಬಂದೋರು ಯಾರು ಅದಾರ? ಹೇಳ್ರಿ ಮೇಡಂ, ಇದು ಯಾರ್ದು?"

ಅದನ್ನು ತಂದು ನನ್ನ ಅಂಗೈಯಲ್ಲಿ ಒತ್ತಿದ. ಕಲ್ಲು ಬೆಚ್ಚಗಿತ್ತು.

ಎರಡೂವರೆ ತಿಂಗಳು ಅದು ದಿನಾ ನನ್ನ ಕೈಗೆ ಬಂದಿತ್ತು, ದಿನಾ ದಾಟಿಸಿದ್ದೆ. ಈಗ ದಾಟಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಊರು ಸುತ್ತ ನಿಂತಿತ್ತು.

"ನಂದು" ಎಂದೆ. ದನಿ ಹೊರಡಲಿಲ್ಲ. ಮತ್ತೊಮ್ಮೆ ಹೇಳಿದೆ. ಆಮೇಲೆ ಹೇಳಿದೆ: "ಹೊನ್ನೂರಮ್ಮ ಶಾಲೆಗೆ ಬಂದಿರಲಿಲ್ಲ. ನಾ ವಾಪಸ್ ಬಂದ ದಿನದಿಂದ ಒಂದು ದಿನಾನೂ ಬಂದಿಲ್ಲ. ಈ ಜೀಪಿನಾಗ ಹತ್ತಿ ಹೊಲಕ್ಕ ಹೋಗಿದ್ಲು. ಹಾಜರಿ ಸುಳ್ಳು. ಮಕ್ಕಳಿಗೆಲ್ಲ ಗೊತ್ತಿತ್ತು. ಹೇಳಬಾರದು ಅಂತ ನಾನ ಕಲಿಸಿದ್ದೆ."

ವೀರಭದ್ರಯ್ಯನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ತಿಪ್ಪೇರುದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಸುಮ್ನ ಇರ್ರಿ ಮೇಡಂ, ಹೋದಾಕಿ ಹೋದ್ಲು. ಇದ್ದೋರ್ನ ಯಾಕ ಕೊಲ್ಲತೀರಿ?" ಎಂದು ನಾಗಕ್ಕ ಹಿಂದಿನಿಂದ ಹೇಳಿದಳು. ಉಚ್ಚಂಗೆಪ್ಪ ನಕ್ಕ.

ಅವನು ನಕ್ಕದ್ದು ಸರಿಯೇ ಇತ್ತೆಂದು ಈಗ ಗೊತ್ತಿದೆ. ದಸರೆಯ ರಜೆಯ ನಂತರ ನನ್ನನ್ನು ತೆಗೆದುಹಾಕಿದರು. ವೀರಭದ್ರಯ್ಯನವರು ಸಸ್ಪೆಂಡ್ ಆದರು, ಅವರ ನಂತರ ಆ ಊರಿನಲ್ಲಿ ಯಾರಿಗೂ ಅಕ್ಕಿ ಸರಿಯಾಗಿ ಸಿಗಲಿಲ್ಲವಂತೆ. ಜೀಪಿಗೆ ಹೊಸ ಗಾಜು ಬಂತು. ಹುಡುಗಿಯರನ್ನು ಹತ್ತಿಸಿಕೊಳ್ಳಲು ಅದು ಊರೊಳಗೆ ಬರದೆ ಕೆರೆಯ ಆಚೆ ದಂಡೆಯಲ್ಲಿ ನಿಲ್ಲತೊಡಗಿತು, ಅಷ್ಟೆ.

ಆದರೆ ಆ ಬೆಳಿಗ್ಗೆ ನಾನು ಹೇಳಿ ಮುಗಿಸಿದಾಗ ಯಾರೂ ಮುಂದಕ್ಕೆ ಬರಲಿಲ್ಲ, ಯಾರೂ ಹಿಂದಕ್ಕೂ ಸರಿಯಲಿಲ್ಲ. ಉಚ್ಚಂಗೆಪ್ಪನ ಹಿಡಿತ ಸ್ವಲ್ಪ ಸಡಿಲಾಗಿತ್ತೇನೋ. ಶಿವಲೀಲಾ ರಟ್ಟೆ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು. ನನ್ನ ಮುಖ ನೋಡಲಿಲ್ಲ. ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು, ಕಲ್ಲಿಗಾಗಿ ಅಂಗೈ ಚಾಚಿದಳು. ಮುಂದಿನ ಪಾಳಿ ಅವಳದಾಗಿತ್ತು.